ಆಮಂತ್ರಣದ ವೇಷದಲ್ಲಿ ಬರುವ ಕಳ್ಳ



ಈಗ ಸಾಂಗ್ಲಿವಾಡಿಯಿಂದ ಮೀರಜ್‌ವರೆಗೆ ಮದುವೆಯ ಕರೆಯೋಲೆ ವಾಟ್ಸ್‌ಆ್ಯಪ್‌ನಲ್ಲೇ ಬರುತ್ತದೆ. ಪರಿಚಿತರ ಹೆಸರು ಕಂಡರೆ ತಕ್ಷಣ ತೆರೆಯುತ್ತೇವೆ. ಈ ನಂಬಿಕೆಯೇ ಮಾಹಿತಿ ಕಳ್ಳರ ಹಳೆಯ ದಾರಿ.

2000ರ ಮೇ 4ರಂದು ಫಿಲಿಪ್ಪೀನ್ಸ್‌ನಿಂದ ‘ಐ ಲವ್ ಯೂ’ ಎಂಬ ಇಮೇಲ್ ಹೊರಟಿತು. ಪ್ರೇಮಪತ್ರವೆಂದು ತೆರೆದವರ ಕಂಪ್ಯೂಟರಿನಿಂದ ಅವರ ಪರಿಚಯದವರಿಗೆಲ್ಲ ತಾನೇ ಹೋಯಿತು. ಪಾಸ್‌ವರ್ಡ್ ಕದಿಯುವ ಪ್ರೋಗ್ರಾಮನ್ನೂ ಇಳಿಸಿಕೊಳ್ಳಲು ನೋಡಿತು. 2007ರಲ್ಲಿ ಪತ್ತೆಯಾದ ‘ಝೀಯಸ್’ ಬ್ಯಾಂಕ್ ಪಾಸ್‌ವರ್ಡ್‌ಗಳ ಮೇಲೆಯೇ ಕಣ್ಣಿಟ್ಟಿತು. ಆಮೇಲೆ ಬಂದ ‘ಲುಮ್ಮಾ’ ಬ್ರೌಸರಿನ ಕುಕಿಗಳನ್ನೂ ಕದಿಯಿತು. ಲಾಗಿನ್ ಆಗಿರುವ ಖಾತೆಯ ಕುಕಿ ಸಿಕ್ಕರೆ ಪಾಸ್‌ವರ್ಡ್, ಒಟಿಪಿ ಇಲ್ಲದೆಯೂ ಒಳಗೆ ನುಗ್ಗಬಹುದು. 2025ರ ಮಾರ್ಚ್‌ನಿಂದ ಮೇವರೆಗಿನ ಎರಡೇ ತಿಂಗಳಲ್ಲಿ ಮೈಕ್ರೋಸಾಫ್ಟ್ ಇದನ್ನು 3,94,000ಕ್ಕೂ ಹೆಚ್ಚು ಕಂಪ್ಯೂಟರ್‌ಗಳಲ್ಲಿ ಕಂಡಿತು.

ನಮ್ಮ ಮೊಬೈಲಿಗೆ ಅದೇ ಕಳ್ಳ ಮದುವೆ ಕಾರ್ಡಿನ ಹೆಸರಿನ ‘ಎಪಿಕೆ’ ಫೈಲಾಗಿ ಬರುತ್ತಾನೆ. ಇನ್‌ಸ್ಟಾಲ್ ಮಾಡಿ ಎಸ್ಸೆಮ್ಮೆಸ್ ಓದಲು ಅನುಮತಿ ಕೊಟ್ಟರೆ ಒಟಿಪಿ ಅವನ ಪಾಲು.

ಈ ಚರಿತ್ರೆಯಲ್ಲಿ ಬೀಗ ಒಡೆದದ್ದು ಕಡಿಮೆ. ಬಾಗಿಲು ತೆರೆದವರು ಹೆಚ್ಚಾಗಿ ಮನೆಯವರೇ. ಆದ್ದರಿಂದ:

- ಕರೆಯೋಲೆ ಆ್ಯಪ್ ಆಗಿ ಬಂದರೆ ಮುಟ್ಟಬೇಡಿ; ಕಳಿಸಿದವರಿಗೆ ಫೋನ್ ಮಾಡಿ ಕೇಳಿ.
- ಕದ್ದ ಸಾಫ್ಟ್‌ವೇರ್, ಕ್ರ್ಯಾಕ್ ಮಾಡಿದ ಗೇಮ್ ಬೇಡ.
- ಇನ್‌ಸ್ಟಾಲ್ ಆಗಿಬಿಟ್ಟಿದ್ದರೆ ನೆಟ್ ಆಫ್ ಮಾಡಿ. ಬೇರೆ ಫೋನಿನಿಂದ ಬ್ಯಾಂಕಿಗೂ 1930ಕ್ಕೂ ಕರೆಮಾಡಿ. ಪಾಸ್‌ವರ್ಡ್ ಬದಲಿಸಿ, ಎಲ್ಲ ಕಡೆಯಿಂದ ಲಾಗ್‌ಔಟ್ ಆಗಿ.

ಕುರಿವೇಷದ ತೋಳ ನಮಗೆ ಹೊಸದಲ್ಲ. ಭಾನುವಾರ ಆರಾಧನೆ ಮುಗಿದ ಮೇಲೆ ಹತ್ತು ನಿಮಿಷ ಕೂತು ಹಿರಿಯರಿಗೂ ಇದನ್ನು ತೋರಿಸಿಕೊಡೋಣ.