ಟೋಪಿ ಹೇಳುವ ಇತಿಹಾಸ

ಸಾಫ್ಟ್‌ವೇರ್ ಕೆಲಸದವನಿಗೆ ಟೋಪಿಯ ಇತಿಹಾಸ ಏಕೆ ಎಂದು ನನ್ನ ಸಹಪಾಠಿಗಳು ಕೇಳಬಹುದು. ನಮ್ಮ ತಂಡದಲ್ಲಿ ಪೋಲೆಂಡಿನವರೊಬ್ಬರು, ಜೆಕ್ ದೇಶದವರೊಬ್ಬರು ಇದ್ದಾರೆ. ಒಂದು ಚಳಿಗಾಲದಲ್ಲಿ ಇಬ್ಬರೂ ಟೋಪಿ ಹಾಕಿಕೊಂಡೇ ವಿಡಿಯೋ ಕರೆಗೆ ಬಂದರು. ಟೋಪಿಗೆ ನಿಮ್ಮಲ್ಲಿ ಏನೆನ್ನುತ್ತೀರಿ ಎಂದು ಕೇಳಿದೆ. ಅಂಚಿರುವ ಹ್ಯಾಟಿಗೆ ಪೋಲಿಷ್‌ನಲ್ಲಿ ‘ಕಪೆಲುಶ್’, ಜೆಕ್‌ನಲ್ಲಿ ‘ಕ್ಲೊಬೌಕ್’ ಎಂದರು. ಕನ್ನಡ, ತಮಿಳು, ತೆಲುಗಿನಂತೆ ಅವೂ ಒಂದೇ ಕುಟುಂಬದ ಭಾಷೆಗಳು. ಸ್ಲಾವಿಕ್ ಎಂದು ಅದರ ಹೆಸರು. ಪದಗಳೂ ಒಡಹುಟ್ಟಿದವೇ ಇರಬೇಕು ಎಂದುಕೊಂಡೆ. ಓದಿ ನೋಡಿದಾಗ ಅದು ತಪ್ಪೆಂದು ತಿಳಿಯಿತು.

‘ಕ್ಲೊಬೌಕ್’ ಪೂರ್ವದಿಂದ ಬಂದದ್ದು. ಮಧ್ಯ ಏಷ್ಯಾದ ಹುಲ್ಲುಗಾವಲಿನ ತುರ್ಕಿ ಭಾಷೆಗಳಲ್ಲಿ ಟೋಪಿಗೆ ‘ಕಲ್ಪಾಕ್’ ಎನ್ನುತ್ತಾರೆ. ಅದೇ ಬಳಗದ ಪದವೊಂದು ಬಹು ಹಿಂದೆಯೇ ಸ್ಲಾವರ ಬಾಯಿಗೆ ಬಂದು ‘ಕ್ಲೊಬುಕ್’ ಆಯಿತೆಂದು ಹೆಚ್ಚಿನ ವಿದ್ವಾಂಸರ ಅಭಿಪ್ರಾಯ. 12ನೇ ಶತಮಾನದಲ್ಲಿ ಕೀವ್‌ನ ಅರಸರ ಗಡಿ ಕಾಯುತ್ತಿದ್ದ ತುರ್ಕಿ ಸವಾರರನ್ನು ಅಲ್ಲಿನ ಜನ ‘ಕಪ್ಪು ಕ್ಲೊಬುಕ್‌ನವರು’ ಎಂದೇ ಕರೆದರು. ಇಂದು ಉಜ್ಬೇಕಿಸ್ತಾನದಲ್ಲಿರುವ ಕರಕಲ್ಪಾಕ್ ಜನರ ಹೆಸರಿಗೂ ‘ಕಪ್ಪು ಟೋಪಿ’ ಎಂದೇ ಅರ್ಥ. ಜೆಕ್ಕರಿಗೆ ಕ್ಲೊಬೌಕ್ ದಿನಬಳಕೆಯ ಹ್ಯಾಟು. ರಷ್ಯಾದಲ್ಲಿ ಕ್ಲೊಬುಕ್ ಎಂದರೆ ಕ್ರೈಸ್ತ ಸನ್ಯಾಸಿಗಳ ಶಿರವಸ್ತ್ರ. ಕುದುರೆ ಸವಾರರ ಪದ ಮಠ ಸೇರಿತು!

‘ಕಪೆಲುಶ್’ ಬಂದದ್ದು ಇದಕ್ಕೆ ಎದುರು ದಿಕ್ಕಿನಿಂದ, ಅಂದರೆ ಪಶ್ಚಿಮದಿಂದ. ಅದರ ಮೂಲ ಲ್ಯಾಟಿನ್ನಿನ ‘ಕಪ್ಪಾ’, ತಲೆಯನ್ನೂ ಮುಚ್ಚುವ ಮೇಲುಡುಪು. ನಮ್ಮ ಮಕ್ಕಳು ಹಾಕುವ ‘ಕ್ಯಾಪ್’ ಕೂಡ ಅದೇ ವಂಶದ್ದು. ರಷ್ಯನ್ನರ ‘ಶಾಪ್ಕಾ’, ಪೋಲರ ‘ಚಾಪ್ಕಾ’ ಸಹ ಹಳೆಯ ಫ್ರೆಂಚಿನ ಮೂಲಕ ಅಲ್ಲಿಂದಲೇ ಬಂದಿರಬೇಕು. 14ನೇ ಶತಮಾನದ ಹೊತ್ತಿಗೆ ಮಾಸ್ಕೋದ ಅರಸ ಇವಾನ್ ಕಲಿತಾನ ಉಯಿಲಿನಲ್ಲಿ ‘ಚಿನ್ನದ ಶಾಪ್ಕಾ’ ಕಾಣಿಸುತ್ತದೆ. 1547ರಲ್ಲಿ ನಾಲ್ಕನೇ ಇವಾನ್ ತ್ಸಾರ್ ಆದಾಗ ತಲೆಗೇರಿದ್ದೂ ‘ಮೊನೊಮಾಖನ ಶಾಪ್ಕಾ’; ಅದನ್ನು ಇಂದಿಗೂ ಕ್ರೆಮ್ಲಿನ್‌ನ ಸಂಗ್ರಹಾಲಯದಲ್ಲಿ ಕಾಣಬಹುದು. ಮುಂದೆ ನೆಪೋಲಿಯನ್ನನ ಸೈನ್ಯದ ಪೋಲಿಷ್ ಭರ್ಜಿ ಸವಾರರು ಚೌಕ ನೆತ್ತಿಯ ಚಾಪ್ಕಾ ತೊಟ್ಟರು. ಫ್ರೆಂಚರು ಅದನ್ನು ‘ಶಾಪ್ಸ್ಕಾ’ ಎಂದು ಎರವಲು ಪಡೆದರು. ತಮ್ಮ ಮನೆಯಿಂದ ಹೋದ ಪದವೇ ಅತಿಥಿಯಾಗಿ ಮರಳಿ ಬಂದದ್ದು ಅವರಿಗೆ ಗೊತ್ತಾಗಿರಲಿಕ್ಕಿಲ್ಲ.

ರಷ್ಯನ್ನರಿಗೆ ಅಂಚಿರುವ ಹ್ಯಾಟು ‘ಶ್ಲ್ಯಾಪಾ’; ಇದು ಜರ್ಮನ್ ಆಡುಮಾತಿನಿಂದ ಬಂದದ್ದು. ಕೆಲಸ ಕೆಡಿಸುವ ಪೆದ್ದನನ್ನೂ ಅವರು ಶ್ಲ್ಯಾಪಾ ಎಂದು ಬೈಯುತ್ತಾರೆ. ನಮ್ಮಲ್ಲಿ ಟೋಪಿ ಹಾಕುವವನು ಮೋಸಗಾರ, ಅವರಲ್ಲಿ ಟೋಪಿಯೇ ಪೆದ್ದ!

ಒಂದೇ ಧ್ವನಿ ಕೇಳಿತೆಂದು ಸಂಬಂಧ ಹೇಳಬಾರದು, ಸಾಕ್ಷಿ ಹುಡುಕಬೇಕು ಎಂಬ ಪಾಠ ನನಗೆ ಹೊಸದಲ್ಲ. ಇದೇ ಶಾಲೆಯ ಇತಿಹಾಸದ ಮೇಷ್ಟ್ರು ಉತ್ತರಪತ್ರಿಕೆಯ ಅಂಚಿನಲ್ಲಿ ‘ಆಧಾರ?’ ಎಂದು ಕೆಂಪು ಶಾಯಿಯಲ್ಲಿ ಬರೆಯುತ್ತಿದ್ದರು. ಇಂದು ಪ್ರೋಗ್ರಾಮಿನ ತಪ್ಪು ಹುಡುಕುವಾಗಲೂ ಆ ಕೆಂಪು ಪದ ಕಣ್ಣಮುಂದೆ ಬರುತ್ತದೆ.

ಇನ್ನೊಂದು ಮಾತು. ಕನ್ನಡ ಮಾಧ್ಯಮದಿಂದ ಬಿ.ಇ. ಓದಲು ಹೋದಾಗ, ಇಂಗ್ಲಿಷ್ ಪದ ಬೆರೆಸಿದರೆ ಕನ್ನಡ ಕೆಟ್ಟಿತೆಂದೂ ಬೆರೆಸದಿದ್ದರೆ ಹಳ್ಳಿಯವನೆಂದೂ ಅನ್ನಿಸಿಕೊಂಡು ಒಂದು ವರ್ಷ ತರಗತಿಯಲ್ಲಿ ಬಾಯಿ ಬಿಡಲಿಲ್ಲ. ಎರವಲು ಎಂದರೆ ನಾಚಿಕೆ ಎಂದುಕೊಂಡಿದ್ದೆ. ಜೆಕ್ ಗೆಳೆಯನಿಗೆ ತುರ್ಕಿ ಮೂಲದ ಪದ ಅಪ್ಪಟ ಜೆಕ್. ನಮ್ಮ ತಾತ ಜಾತ್ರೆಗೆ ಹೊರಡುವಾಗ ಸುತ್ತುತ್ತಿದ್ದ ‘ರುಮಾಲು’ ಮೂಲದಲ್ಲಿ ಪಾರಸಿ ಪದ; ಅಲ್ಲಿ ಅದು ಮುಖ ಒರೆಸುವ ಬಟ್ಟೆ. ಇಲ್ಲಿ ಅದು ತಲೆಗೇರಿ ಮರ್ಯಾದೆಯ ಗುರುತಾಯಿತು. ರುಮಾಲನ್ನು ಪರದೇಶದ್ದೆಂದು ತಾತ ಒಂದು ದಿನವೂ ಕೆಳಗಿಳಿಸಲಿಲ್ಲ. ಈಗ ನಮ್ಮ ಶಾಲೆಯಿಂದ ಕಾಲೇಜಿಗೆ ಹೊರಟಿರುವ ತಮ್ಮ ತಂಗಿಯರೇ, ನೀವೂ ಬಾಯಿ ಬಿಟ್ಟು ಮಾತಾಡಿ.