ಜೇಬಿನ ಚಾಕು ರೌಡಿಯದಲ್ಲ, ಗುಮಾಸ್ತನದು

ಆಫೀಸಲ್ಲಿ ಕೊರಿಯರ್ ಡಬ್ಬ ಬಿಚ್ಚೋಕೆ ಯಾರಾದ್ರೂ ಜೇಬಿನಿಂದ ಚಾಕು ತೆಗೆದ್ರೆ ಪಕ್ಕದ ಸೀಟಿನವರು ಒಂದು ಕ್ಷಣ ಗಾಬರಿ ಆಗ್ತಾರೆ. ಅದೇ ಡಬ್ಬವನ್ನ ಬೈಕ್ ಕೀಲಿಯಿಂದ ಗೀರಿ, ಹಲ್ಲಿನಿಂದ ಟೇಪ್ ಕಿತ್ತು, ಒಳಗಿದ್ದ ಅಂಗೀನೂ ಹರಿದುಕೊಂಡ್ರೆ ಯಾರೂ ಏನೂ ಅನ್ನಲ್ಲ. ಎರಡೂವರೆ ಇಂಚಿನ ಸಾಮಾನಿಗೆ ಈ ಕೆಟ್ಟ ಹೆಸರು ಬಂದದ್ದು ಹೆಚ್ಚಾಗಿ ಹಳೇ ಹಿಂದಿ ಸಿನಿಮಾಗಳಿಂದ. ವಿಲನ್ ಕೈಯಲ್ಲಿ ಕಟಕಟ ಅಂತ ತೆರೆದುಕೊಳ್ತಿದ್ದ ರಾಂಪುರಿ ನೆನಪಿದೆಯಲ್ಲ? ಆದ್ರೆ ಜೇಬಿನ ಚಾಕುವಿನ ವಂಶಾವಳಿ ತೆಗೆದು ನೋಡಿದ್ರೆ ಅಲ್ಲಿ ಸಿಗೋದು ರೌಡಿಗಿಂತ ಮೊದಲು ಬರೆಯೋ ಕೆಲಸದವನು. ಅಂದ್ರೆ ನಮ್ಮ ನಿಮ್ಮಂಥ ಆಫೀಸಿನವನು.

ಪದಗಳಿಂದಲೇ ಶುರು ಮಾಡೋಣ. ಕತ್ತಿ ನಮ್ಮದೇ ದ್ರಾವಿಡ ಪದ. ಚೂರಿ ಸಂಸ್ಕೃತದ ಛುರಿಕಾ. ಚಾಕು ಫಾರ್ಸಿ ಮೂಲಕ ಬಂದದ್ದು. 1347ರಲ್ಲಿ ಬಹಮನಿ ರಾಜ್ಯ ಹುಟ್ಟಿ ಕಲಬುರಗಿ ರಾಜಧಾನಿಯಾದಾಗ ದರ್ಬಾರಿನ ಭಾಷೆ ಫಾರ್ಸಿ. ಫಾರ್ಸಿ ಬರೆಯೋದು ಜೊಂಡಿನ ಕಲಮಿನಿಂದ. ಅದರ ಮೊನೆ ಬರೀತಾ ಬರೀತಾ ಮೊಂಡಾಗುತ್ತೆ, ಮತ್ತೆ ಕೆತ್ತಬೇಕು. ಹಾಗೆ ಕೆತ್ತೋಕೆ ಅಂತಲೇ ಇದ್ದ ಸಣ್ಣ ಚೂರಿಗೆ ಕಲಮ್‌ತರಾಶ್ ಅಂತ ಹೆಸರು. ಇಂಗ್ಲಿಷಿನ ‘ಪೆನ್‌ನೈಫ್’ ಕಥೆಯೂ ಇದೇ: ಹಕ್ಕಿ ಗರಿಯ ಪೆನ್ನು, ಅದನ್ನ ಕೆತ್ತೋ ನೈಫು. ಓಲೆಗರಿಯ ಮೇಲೆ ಬರೆಯೋರಿಗೂ ಒಂದು ಚೂರಿ ಬೇಕಿತ್ತು. ಗರಿ ಸವರೋ ಚೂರಿ, ಅಕ್ಷರ ಕೊರೆಯೋ ಕಂಠ ಎರಡೂ ಒಂದೇ ಹಿಡಿಗೆ ಮಡಚಿಕೊಳ್ಳುವಂಥ ಸಾಧನಗಳು ದಕ್ಷಿಣ ಭಾರತದಲ್ಲೂ ಶ್ರೀಲಂಕಾದಲ್ಲೂ ಇದ್ದವು.

ಬರೆಯದವರ ಹತ್ತಿರಾನೂ ದಿನಾ ಜೊತೆಗಿರೋ ಅಲಗು ಇತ್ತು. ನಮ್ಮ ಉತ್ತರ ಕರ್ನಾಟಕದ ಅಜ್ಜ ಅಜ್ಜಿಯರ ಎಲೆ-ಅಡಿಕೆ ಚಂಚಿ ನೆನಪು ಮಾಡಿಕೊಳ್ಳಿ. ಒಂದು ಪದರಿನಲ್ಲಿ ಎಲೆ, ಒಂದರಲ್ಲಿ ಸುಣ್ಣದ ಡಬ್ಬಿ, ಇನ್ನೊಂದರಲ್ಲಿ ಅಡಕೊತ್ತು. ಇವತ್ತು ‘ಎವ್ರಿಡೇ ಕ್ಯಾರಿ’ ಅಂತ ದೊಡ್ಡ ಹೆಸರಿಟ್ಟು ಮಾರೋದು ಇದನ್ನೇ ಅಲ್ವಾ?

ಇನ್ನು ಅಲಗಿನ ಲೋಹದ ವಿಷಯ. ಇಲ್ಲಿ ನಾವು ಸ್ವಲ್ಪ ಎದೆ ಉಬ್ಬಿಸಬಹುದು. ಇಂಗ್ಲಿಷಿನಲ್ಲಿ ‘ವೂಟ್ಜ್’ ಅಂತ ಕರೆಯೋ ಹೆಸರಾಂತ ಲೋಹದ ಹೆಸರು ಕನ್ನಡ, ತೆಲುಗು ಎರಡರಲ್ಲೂ ಇರೋ ‘ಉಕ್ಕು’ ಪದದಿಂದ ಬಂದದ್ದು ಅನ್ನೋದು ಸಾಮಾನ್ಯವಾಗಿ ಒಪ್ಪಿರೋ ಮಾತು. ಕಬ್ಬಿಣದ ಚೂರು, ಕಟ್ಟಿಗೆ, ತಂಗಡಿಯಂಥ ಗಿಡದ ಸೊಪ್ಪು ಇಷ್ಟನ್ನೂ ಮಣ್ಣಿನ ಮೂಸೆಯಲ್ಲಿ ಹಾಕಿ, ಬಾಯಿ ಮುಚ್ಚಿ, ಇದ್ದಿಲ ಬೆಂಕಿಯಲ್ಲಿ ಗಂಟೆಗಟ್ಟಲೆ ತಿದಿ ಊದಬೇಕು. ಸೊಪ್ಪು, ಕಟ್ಟಿಗೆಯ ಇಂಗಾಲ ಕಬ್ಬಿಣಕ್ಕೆ ಸೇರಿ ಉಕ್ಕಿನ ಗಟ್ಟಿ ಸಿಗ್ತಿತ್ತು. 1800ರಲ್ಲಿ ಮೈಸೂರು ಸೀಮೆ ಸುತ್ತಿದ ಫ್ರಾನ್ಸಿಸ್ ಬುಕನನ್ ಇಂಥ ಕೆಲಸ ನೋಡಿ ಬರೆದಿಟ್ಟಿದ್ದಾನೆ. ಕಲಬುರಗಿ ಸೇರಿದ್ದ ನಿಜಾಮನ ಸೀಮೆಯಲ್ಲೇ, ಈಗ ತೆಲಂಗಾಣದಲ್ಲಿರೋ ಕೋನಸಮುದ್ರಂ ಊರಿಗೆ ಇರಾನಿನ ಇಸ್ಫಹಾನಿನಿಂದ ವ್ಯಾಪಾರಿಗಳು ಬಂದು, ಕೂತು, ಉಕ್ಕು ಪರೀಕ್ಷೆ ಮಾಡಿ ಕೊಳ್ತಿದ್ರು. ಹೆನ್ರಿ ವಾಯ್ಸಿ ಬರೆದ ಈ ವಿವರ 1832ರಲ್ಲಿ ಅಚ್ಚಾಯ್ತು.

ಈ ಉಕ್ಕು ಲಂಡನ್ನಿಗೆ ಹೋದಾಗ ಅದರಿಂದ ಏನು ಮಾಡಿದ್ರು ಗೊತ್ತಾ? ಕತ್ತಿ ಅಲ್ಲ, ಪೆನ್‌ನೈಫು! ಮುಂಬೈಯಿಂದ ಹೆಲೆನಸ್ ಸ್ಕಾಟ್ ಕಳಿಸಿದ ಉಕ್ಕಿನ ಗಟ್ಟಿಯನ್ನ ರಾಯಲ್ ಸೊಸೈಟಿಯ ಅಧ್ಯಕ್ಷ ಜೋಸೆಫ್ ಬ್ಯಾಂಕ್ಸ್ ಪರೀಕ್ಷೆಗೆ ಕೊಟ್ರು. ಜೇಮ್ಸ್ ಸ್ಟೋಡಾರ್ಟ್ ಅನ್ನೋ ಚಾಕು ತಯಾರಕ ಅದನ್ನ ಬಡಿದು ಪೆನ್‌ನೈಫ್ ಮಾಡಿದ. ಬಡಿಯೋದು ತುಂಬಾ ಕಷ್ಟ, ಆದ್ರೆ ಅಂಚು ಮಾತ್ರ ಅತ್ಯುತ್ತಮ ಉಕ್ಕಿನ ಚಾಕುವಿಗೆ ಸಮ ಅನ್ನೋದು ಫಲಿತಾಂಶ. ಜಾರ್ಜ್ ಪಿಯರ್ಸನ್ 1795ರಲ್ಲಿ ಇದನ್ನ ಪ್ರಬಂಧವಾಗಿ ಪ್ರಕಟಿಸಿದ. ಮುಂದೆ ಇದೇ ಸ್ಟೋಡಾರ್ಟ್ ಜೊತೆ ಸೇರಿ ಉಕ್ಕಿನ ಬೆರಕೆ ಲೋಹಗಳ ಮೇಲೆ ಪ್ರಯೋಗ ಮಾಡಿದವನು ಮೈಕೆಲ್ ಫ್ಯಾರಡೆ, ಒಬ್ಬ ಕಂಬಾರನ ಮಗ. ಅವರ ಪ್ರಬಂಧಗಳು 1820, 1822ರಲ್ಲಿ ಬಂದವು. ನಮ್ಮ ಮೂಸೆಗಳು ಮಾತ್ರ ಆ ಶತಮಾನದ ಕೊನೆ ಹೊತ್ತಿಗೆ ಬಹುತೇಕ ಆರಿ ಹೋದವು. ಕಾರ್ಖಾನೆಯ ಅಗ್ಗದ ಉಕ್ಕಿನ ಮುಂದೆ ಅವು ನಿಲ್ಲಲಿಲ್ಲ. 1913ರಲ್ಲಿ ಶೆಫೀಲ್ಡಿನ ಹ್ಯಾರಿ ಬ್ರೇರ್ಲಿ ತುಕ್ಕು ಹಿಡಿಯದ ಉಕ್ಕು ತಂದ ಮೇಲೆ ಅಡುಗೆಮನೆ ಚಾಕುಗಳ ಬಣ್ಣವೇ ಬದಲಾಯ್ತು.

ಈ ಇತಿಹಾಸ ಇವತ್ತು ಚಾಕು ಕೊಳ್ಳೋರಿಗೆ ಏನು ಹೇಳುತ್ತೆ?

ಒಂದು, ಅಳತೆ. ಕಲಮು ಕೆತ್ತೋ ಸಾಧನಕ್ಕೆ ಉದ್ದದ ಅಲಗು ಬೇಕಿರಲಿಲ್ಲ, ನಿಮಗೂ ಬೇಡ. ಎರಡೂವರೆಯಿಂದ ಮೂರು ಇಂಚು ಸಾಕು. ಪೇರಲ ಹೆಚ್ಚೋಕೆ, ದಾರ ಕತ್ತರಿಸೋಕೆ, ಪಾರ್ಸೆಲ್ ಬಿಚ್ಚೋಕೆ ಇದಕ್ಕಿಂತ ದೊಡ್ಡದು ಭಾರ ಅಷ್ಟೇ. (ಕಮಲಾಪುರದ ಕೆಂಪು ಬಾಳೆಗಂತೂ ಚಾಕುವೇ ಬೇಡ, ಬೆರಳು ಸಾಕು.) 1890ರಲ್ಲಿ ಫ್ರಾನ್ಸಿನ ಬೆಟ್ಟದ ಸೀಮೆಯಲ್ಲಿ ಜೋಸೆಫ್ ಒಪಿನೆಲ್ ರೈತರಿಗಾಗಿ ಶುರು ಮಾಡಿದ ಮರದ ಹಿಡಿಯ ಚಾಕು ಇವತ್ತಿಗೂ ಅಗ್ಗದ ಒಳ್ಳೇ ಚಾಕುಗಳ ಸಾಲಿನಲ್ಲಿದೆ. ಅದರ 6ನೇ ನಂಬರಿನ ಅಲಗು ಸುಮಾರು 7 ಸೆಂ.ಮೀ.

ಎರಡು, ತೆರೆಯೋ ರೀತಿ. ಉಗುರಿನಿಂದ ಎಳೆದು ಎರಡೂ ಕೈಯಲ್ಲಿ ತೆರೆಯೋ ಸಾದಾ ಮಡಚು ಚಾಕು ತಗೊಳ್ಳಿ. ಬಟನ್ ಒತ್ತಿದ್ರೆ ಚಿಮ್ಮೋದು ಬೇಡವೇ ಬೇಡ. ಆಯುಧ ಕಾಯ್ದೆ 1959ರದ್ದು. ಅದರ ನಿಯಮಗಳ ಪಟ್ಟಿಯಲ್ಲಿ ಬರೋದು 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲ ಇರೋ ಅಲಗು. ಅದರಲ್ಲೂ ಮನೆ, ಹೊಲ, ವಿಜ್ಞಾನ, ಕೈಗಾರಿಕೆ ಕೆಲಸಕ್ಕೆ ಮಾಡಿದ್ದಕ್ಕೆ ವಿನಾಯಿತಿ ಇದೆ. ಆದ್ರೆ ದೆಹಲಿಯಲ್ಲಿ 1980ರ ಅಧಿಸೂಚನೆ ಬಟನ್, ಸ್ಪ್ರಿಂಗ್‌ನಂಥ ಯಾಂತ್ರಿಕ ಚಾಕುಗಳಿಗೆ 7.62 ಸೆಂ.ಮೀ ಉದ್ದ, 1.72 ಸೆಂ.ಮೀ ಅಗಲದಿಂದಲೇ ಕಡಿವಾಣ ಹಾಕಿದೆ. ಊರಲ್ಲಿ ನಿಷೇಧಾಜ್ಞೆ ಇದ್ದಾಗ, ಕೋರ್ಟು, ರ್‍ಯಾಲಿಗಳಿಗೆ ಹೋಗುವಾಗ ಚಾಕು ಮನೆಯಲ್ಲೇ ಇರಲಿ. ಸೇಡಂ ರಸ್ತೆಯಲ್ಲಿ 2019ರ ನವೆಂಬರ್‌ನಿಂದ ಏರ್‌ಪೋರ್ಟ್ ಇದೆ. ಅಲ್ಲಿಗೆ ಹೊರಟಿದ್ರೆ ಚಾಕು ಚೆಕ್-ಇನ್ ಬ್ಯಾಗಿಗೆ ಹೋಗಬೇಕು, ಕ್ಯಾಬಿನ್ ಬ್ಯಾಗಿನಲ್ಲಿ ಬಿಡಲ್ಲ.

ಮೂರು, ಲೋಹ. ಕಾರ್ಬನ್ ಉಕ್ಕು ಸುಲಭವಾಗಿ ಮಸೆಯುತ್ತೆ, ಚೂಪು ಚೆನ್ನಾಗಿ ಬರುತ್ತೆ, ಆದ್ರೆ ನಿಂಬೆ, ಮಾವಿನ ಹುಳಿಗೆ ಕಪ್ಪಾಗುತ್ತೆ. ಕಲಬುರಗಿಯ ಒಣ ಹವೆಗೆ ಅದು ಒಗ್ಗುತ್ತೆ. ಮಂಗಳೂರಿನ ಮಳೆಗೆ ಸ್ಟೇನ್‌ಲೆಸ್ಸೇ ವಾಸಿ. ಒರೆಸಿ ಒಂದು ತೊಟ್ಟು ಹೊಲಿಗೆ ಯಂತ್ರದ ಎಣ್ಣೆ ಬಿಡಿ. ಮನೇಲಿದೆ ಅಂತ ಕುಸುಬಿ ಎಣ್ಣೆ ಹಚ್ಚಬೇಡಿ, ಅದು ಒಣಗಿ ಕೀಲಿಗೆ ಅಂಟು ಹಿಡಿಯುತ್ತೆ. ಮನೆ ಮುಂದಿನ ಶಹಾಬಾದ್ ಕಲ್ಲಿನ ಮೇಲೆ ಮಸೆಯೋದೂ ದಂಡ. ಅದು ಸುಣ್ಣದ ಕಲ್ಲು, ಉಕ್ಕಿಗಿಂತ ಮೆದು. ಎರಡು ಬದಿಯ ಕಾರ್ಬೊರಂಡಮ್ ಕಲ್ಲು ತಗೊಂಡ್ರೆ ವರ್ಷಗಟ್ಟಲೆ ಬರುತ್ತೆ.

ಅಂಗಡಿಯಲ್ಲಿ ಮೂರು ಪರೀಕ್ಷೆ ಮಾಡಿ. ತೆರೆದ ಅಲಗು ಅಕ್ಕಪಕ್ಕ ಅಲ್ಲಾಡಬಾರದು. ಮಡಚಿದಾಗ ಹಿಡಿಯ ಮಧ್ಯಕ್ಕೆ ಕೂರಬೇಕು, ಮೊನೆ ಹೊರಗೆ ಕಾಣಬಾರದು. ತೆರೆದಾಗ, ಮಡಚಿದಾಗ ಎರಡೂ ಸಲ ಸ್ಪ್ರಿಂಗು ಗಟ್ಟಿಯಾಗಿ ಹಿಡಿಯಬೇಕು. ಇಷ್ಟು ಸರಿ ಇದ್ರೆ ಕಡಿಮೆ ಬೆಲೆಯ ಚಾಕೂ ಒಳ್ಳೇ ಚಾಕೇ.

ಇನ್ನೊಂದು ದಾರಿಯೂ ಇದೆ. ಲಾರಿಯ ಹಳೇ ಸ್ಪ್ರಿಂಗ್ ಪಟ್ಟಿಯಿಂದ ಕುಡಗೋಲು ಬಡಿಯೋ ಕಂಬಾರರು ಈಗಲೂ ಇದ್ದಾರೆ. ಆ ಪಟ್ಟಿ ಒಳ್ಳೇ ಕಾರ್ಬನ್ ಉಕ್ಕು. ಮಡಚೋದಲ್ಲದಿದ್ರೂ, ಬ್ಯಾಗಿನಲ್ಲಿ ತೊಗಲಿನ ಒರೆಯೊಳಗೆ ಇಟ್ಟುಕೊಳ್ಳೋ ಮೂರು ಇಂಚಿನ ಹಣ್ಣಿನ ಚಾಕು ಮಾಡಿಕೊಡಿ ಅಂತ ಕೇಳಿ. ಉಕ್ಕು ಅನ್ನೋ ಪದವನ್ನ ಜಗತ್ತಿಗೆ ಕೊಟ್ಟ ಸೀಮೆಯಲ್ಲಿ ಕಂಬಾರರ ಕುಲುಮೆ ಉರಿಯೋದು ನಮ್ಮ ಹೆಮ್ಮೆಯಿಂದಲ್ಲ, ನಾವು ಕೊಡೋ ಕೆಲಸದಿಂದ.