ದನಿ ಸಣ್ಣದೋ, ಮಟ್ಟ ತಪ್ಪೋ?

ಕಂಟ್ರೋಲ್ ರೂಮೊಂದರ ವೈರ್‌ಲೆಸ್ ಉಪಕರಣಗಳನ್ನು ನೋಡಿಕೊಳ್ಳುವ ಕೆಲಸದಲ್ಲಿ ನಾನು ಕೆಲವು ವರ್ಷ ಇದ್ದೆ. ರಾತ್ರಿ ಪಾಳಿಯ ಹೊಸ ಆಪರೇಟರ್ ಮೇಲೆ ಒಂದೇ ದೂರು: ‘ಆಕೆಯ ದನಿ ಸಣ್ಣದು, ಕೇಳಿಸುವುದಿಲ್ಲ.’ ಪಾಪ, ಆಕೆ ಮೈಕನ್ನು ತುಟಿಗೊತ್ತಿಕೊಂಡು ಕಿರುಚತೊಡಗಿದಳು. ಆಗ ಮಾತೇ ಒಡೆಯಿತು. ಒಂದು ರಾತ್ರಿ ಮನೆ ನಂಬರು ತಿಳಿಯದೆ ಗಾಡಿಯವರು ಮೂರು ಸಲ ಕೇಳಬೇಕಾಯಿತು. ಅಲ್ಲಿಂದ ಈ ಕಸುಬಿನ ಚರಿತ್ರೆ ಹುಡುಕಲು ಹೊರಟೆ.

1928ರ ಏಪ್ರಿಲ್ 7ರಂದು ಅಮೆರಿಕದ ಡೆಟ್ರಾಯಿಟ್ ಪೊಲೀಸರು ಗಸ್ತಿನ ಕಾರುಗಳಿಗೆ ರೇಡಿಯೋ ಕರೆ ಕಳಿಸುವ ವ್ಯವಸ್ಥೆಯನ್ನು ನಿಯತವಾಗಿ ಆರಂಭಿಸಿದರು. ಅದು ಒಮ್ಮುಖ. ಕಾರಿನವರು ಕೇಳಬಹುದಿತ್ತು, ‘ಇನ್ನೊಮ್ಮೆ ಹೇಳಿ’ ಎನ್ನಬೇಕೆಂದರೆ ಟೆಲಿಫೋನ್ ಹುಡುಕಬೇಕಿತ್ತು. 1933ರಲ್ಲಿ ನ್ಯೂಜೆರ್ಸಿಯ ಬೇಯೊನ್ ಪಟ್ಟಣದಲ್ಲಿ ಕಾರಿನಿಂದಲೂ ಉತ್ತರ ಬರತೊಡಗಿತು. 1940ರಲ್ಲಿ ಡೇನಿಯಲ್ ನೋಬಲ್ ವಿನ್ಯಾಸದಂತೆ ಕನೆಕ್ಟಿಕಟ್ ರಾಜ್ಯ ಪೊಲೀಸರು ಎಫ್‌ಎಂಗೆ ಬಂದರು.

ಎಫ್‌ಎಂನಲ್ಲಿ ದನಿ ಏರಿದಷ್ಟೂ ಅಲೆಯ ಆವರ್ತನ ಅತ್ತಿತ್ತ ಹೆಚ್ಚು ಸರಿಯುತ್ತದೆ. ಪಕ್ಕದ ಚಾನೆಲ್‌ಗೆ ನುಗ್ಗದಂತೆ ಇದಕ್ಕೊಂದು ಬೇಲಿಯಿದೆ: ಬಹುಕಾಲ ಎರಡೂ ಕಡೆಗೆ 5 ಕಿಲೋಹರ್ಟ್ಸ್, ಕಿರಿದಾದ ಚಾನೆಲ್‌ಗಳಲ್ಲಿ 2.5. ಬೇಲಿ ದಾಟುವ ದನಿಯ ತುದಿಯನ್ನು ಲಿಮಿಟರ್ ಕತ್ತರಿಸುತ್ತದೆ. ಕಿರುಚಿದರೆ ಸದ್ದು ಹೆಚ್ಚುವುದಿಲ್ಲ, ಸ್ಪಷ್ಟತೆ ಹೋಗುತ್ತದೆ.

ಹಾಗಾದರೆ ಮೀಟರ್ ನೋಡಿದರಾಯಿತಲ್ಲ ಎನ್ನಬಹುದು. 1939ರಲ್ಲಿ ಬೆಲ್ ಲ್ಯಾಬ್ಸ್, ಎನ್‌ಬಿಸಿ ಮತ್ತು ಸಿಬಿಎಸ್ ಸೇರಿ ರೂಪಿಸಿದ ವಿಯು ಮೀಟರಿನ ಮುಳ್ಳು ಮೇಲೇರಲು ಸುಮಾರು 0.3 ಸೆಕೆಂಡ್ ಬೇಕು. ಅದು ಮಾತಿನ ಸರಾಸರಿಯನ್ನು ತೋರುತ್ತದೆ. ‘ಪ’, ‘ಟ’ಗಳ ಕ್ಷಣದ ಸಿಡಿತ ಅದರ ಕಣ್ಣಿಗೆ ಬೀಳುವುದಿಲ್ಲ.

ಕಣ್ಣು ತೆರೆಸಿದ್ದು ಫ್ರೆಂಚ್ ವೈದ್ಯ ಎಟಿಯೆನ್ ಲೊಂಬಾರ್ಡ್. ಸುತ್ತಲಿನ ಸದ್ದು ಹೆಚ್ಚಿದರೆ ಮನುಷ್ಯ ತನಗರಿವಿಲ್ಲದೆ ದನಿ ಏರಿಸುತ್ತಾನೆ ಎಂದು 1911ರಲ್ಲೇ ಆತ ಬರೆದಿದ್ದ. ಇದರ ಮಗ್ಗುಲು ಇನ್ನೊಂದಿದೆ: ಹೆಡ್‌ಸೆಟ್‌ನಲ್ಲಿ ತನ್ನ ದನಿಯೇ ಜೋರಾಗಿ ಕೇಳಿದರೆ ಮಾತು ತಗ್ಗುತ್ತದೆ.

ಹೋಗಿ ನೋಡಿದೆ. ನಮ್ಮ ಕನ್ಸೋಲಿನ ಮಟ್ಟ ಹಗಲು ಪಾಳಿಯ ಗಡಸು ಕಂಠಕ್ಕೆ ಹೊಂದಿಸಿದ್ದು. ಆಕೆಗೆ ತನ್ನ ದನಿ ಕಿವಿಯಲ್ಲಿ ವಿಪರೀತ ಜೋರು. ಅದನ್ನು ತಗ್ಗಿಸಿದೆ, ಮೈಕನ್ನು ಬಾಯಿಯ ಅಂಚಿನಿಂದ ಎರಡು ಬೆರಳು ದೂರ ಇಡಿಸಿದೆ. ‘ಹಲೋ, ಒನ್, ಟೂ, ತ್ರೀ’ ಬೇಡ, ದಿನವೂ ಹೇಳುವ ಹಾಗೆ ವಿಳಾಸ ಓದಿ ಎಂದೆ. ಆಕೆ ಓದುತ್ತಿದ್ದಂತೆ ಗೇನ್ ಏರಿಸುತ್ತ ಬಂದೆ. ದೂರದ ಗಾಡಿಯಲ್ಲಿದ್ದವರು ಸರಿಯೆಂದಲ್ಲಿ ನಿಲ್ಲಿಸಿದೆ.

ಆ ರಾತ್ರಿಯ ಮೊದಲ ಕರೆಗೆ ಗಾಡಿಯಿಂದ ಬಂದ ಉತ್ತರ ಒಂದೇ ಪದ: ‘ಹೊರಟೆವು.’

ದೂರಿನ ಪುಸ್ತಕ ತಿರುವಿದೆ. ಮಟ್ಟ ತಪ್ಪಾಗಿದೆ ಎಂದು ಯಾರೂ ಬರೆದಿರಲಿಲ್ಲ. ಆಕೆಯ ದನಿ ಸಣ್ಣದು ಎಂದೇ ಎಲ್ಲರೂ ಬರೆದಿದ್ದರು. ನಾನೂ ಒಮ್ಮೆ ಸಹಿ ಹಾಕಿದ್ದೆ.